ಮಗಳು ಎಂಬಲ್ಲಿಗೆ ನಿಂತ ಸಾಲು

"ಗುರುಗಳೇ, ಚೌಕದಲ್ಲಿ ಹಿಡಿಸದ ಮಾತನ್ನು ಎಲ್ಲಿ ಕತ್ತರಿಸಬೇಕು?"

ಮೇಘಶ್ರೀ ಹೀಗೆ ಕೇಳಿದಾಗ ವೃಷಭೇಂದ್ರಯ್ಯನವರು ಪಂಚೆಯ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರು ಒಂದು ಕಾಲದಲ್ಲಿ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವರು. ಮೊಳೆಗಳ ಕಾಲ ಮುಗಿದಾಗ ಕೈಕಟ್ಟಿ ಕೂರದೆ ಕಂಪ್ಯೂಟರ್ ಕಲಿತರು. ಈಗ ಹುಣಸೂರಿನ ತಮ್ಮ ಮನೆಯ ಮುಂಗೋಣೆಯಲ್ಲಿ, ವೆಬ್ ಪುಟ ಮಾಡುವುದನ್ನು ಕಲಿಯಲು ಬಂದವರಿಗೆ ಹೇಳಿಕೊಡುತ್ತಿದ್ದರು. ಪಾಠದಲ್ಲಿ ಅವರಿಗೊಂದು ಚಾಳಿ ಇತ್ತು. ಹೇಗೆ ಎಂದು ಕೇಳಿದವರಿಗೆ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ಎಲ್ಲಿ, ಯಾಕೆ, ಎಷ್ಟು ಎಂದು ಕೇಳಿದರೆ ಮಾತ್ರ ಬೇಗ ಬಿಡುತ್ತಿರಲಿಲ್ಲ.

ಮೇಘಶ್ರೀಗೆ ಇದು ಗೊತ್ತಿತ್ತು. ಆದರೂ ಕೇಳಿದಳು, ಯಾಕೆಂದರೆ ಬೆಳಗಾದರೆ ಪುಟ ತೋರಿಸಬೇಕಾಗಿತ್ತು. ಸುತ್ತಲಿನ ಹಳ್ಳಿಗಳ ಹೆಂಗಸರ ಸಂಘವೊಂದು ಹಳೆಯ ತಳಿಯ ಬೀಜಗಳನ್ನು ಉಳಿಸಿಕೊಂಡು ಬಂದಿತ್ತು. ಆ ಬೀಜಗಳನ್ನು ನಾಲ್ಕು ಜನ ನೋಡಲಿ ಎಂದು ಪುಟ ಮಾಡಿಕೊಡಲು ಅವಳನ್ನು ಕೇಳಿದ್ದರು. ಅವಳು ಸ್ವಂತವಾಗಿ ಒಪ್ಪಿಕೊಂಡ ಮೊದಲ ಕೆಲಸ ಅದು. ಸಂಘದ ಹೆಂಗಸರೆಲ್ಲ ಮರುದಿನ ಒಟ್ಟಾಗಿ ಬಂದು ನೋಡುವವರಿದ್ದರು.

ಪುಟದಲ್ಲಿ ಒಂದೊಂದು ಬೀಜಕ್ಕೆ ಒಂದೊಂದು ಚೌಕ. ಮೇಲೆ ಚಿತ್ರ, ಅದರ ಕೆಳಗೆ ತಳಿಯ ಹೆಸರು, ಆಮೇಲೆ ಅದರ ಗುಣ, ಕೊನೆಯಲ್ಲಿ ಅದನ್ನು ವರ್ಷ ವರ್ಷವೂ ಬಿತ್ತಿ ಉಳಿಸಿದವಳ ಹೆಸರು. ನೋಡಲು ಅಚ್ಚುಕಟ್ಟಾಗಿರಲಿ ಎಂದು ಎಲ್ಲ ಚೌಕಗಳಿಗೂ ಅವಳು ಒಂದೇ ಎತ್ತರ ಇಟ್ಟಿದ್ದಳು. ತೊಂದರೆ ಅಲ್ಲಿಂದಲೇ ಶುರುವಾಯಿತು. ಕೆಲವು ಬೀಜಗಳ ಬಗ್ಗೆ ಹೇಳುವುದು ಸ್ವಲ್ಪ, ಕೆಲವುಗಳ ಬಗ್ಗೆ ಬಹಳ. ಬಹಳ ಇದ್ದ ಕಡೆ ಅಕ್ಷರಗಳು ಚೌಕದಿಂದ ಚೆಲ್ಲಿ ಕೆಳಗಿನ ಚೌಕದ ಚಿತ್ರದ ಮೇಲೆ ಹೋಗಿ ಕೂತವು.

ಮೊದಲು ಅಕ್ಷರವನ್ನು ಚಿಕ್ಕದು ಮಾಡಿ ನೋಡಿದಳು. ಚೌಕವೇನೋ ಸರಿಹೋಯಿತು, ಓದುವವರ ಕಣ್ಣು ಸರಿಹೋಗುವಂತಿರಲಿಲ್ಲ. ಆಮೇಲೆ ಚೌಕದೊಳಗೇ ಮಾತು ಮೇಲೆ ಕೆಳಗೆ ಸರಿಯುವಂತೆ ಮಾಡಿದಳು. ಆಗ ಪ್ರತಿ ಚೌಕಕ್ಕೂ ಒಂದೊಂದು ಪುಟ್ಟ ಜಾರುಪಟ್ಟಿ ಅಂಟಿಕೊಂಡು ಪುಟವೆಲ್ಲ ತೇಪೆ ಹಾಕಿದ ಹಾಗೆ ಕಂಡಿತು. ಕೊನೆಗೆ ಹಿಡಿಸಿದಷ್ಟು ತೋರಿಸಿ, ಉಳಿದದ್ದನ್ನು ಮರೆಮಾಡಿ, ಕೊನೆಯಲ್ಲಿ ಮೂರು ಚುಕ್ಕಿ ಇಟ್ಟಳು. ಪುಟ ಒಮ್ಮೆಗೇ ಅಂದವಾಯಿತು. ಒಂದೇ ಕೊರತೆ ಎಂದರೆ ಕೆಲವು ಕಡೆ ಮಾತು ಅರ್ಧ ಪದಕ್ಕೇ ತುಂಡಾಗಿತ್ತು. ಅದಕ್ಕೇ ಈ ಪ್ರಶ್ನೆ.

ವೃಷಭೇಂದ್ರಯ್ಯನವರು ಕನ್ನಡಕ ಏರಿಸಿಕೊಂಡು ಪುಟ ನೋಡಿದರು. ಚೆನ್ನಾಗಿದೆ ಎಂದರು. ಅವರು ಚೆನ್ನಾಗಿದೆ ಎಂದಾಗೆಲ್ಲ ಮೇಘಶ್ರೀಗೆ ಸ್ವಲ್ಪ ಅಳುಕಾಗುತ್ತಿತ್ತು. ಚುಕ್ಕಿಯ ಆಚೆ ಏನೇನು ಉಳಿದಿದೆ ಎಂದು ಕೇಳಿದರು. ಗುಣಗಳಲ್ಲಿ ಒಂದಿಷ್ಟು, ಆಮೇಲೆ ಬೆಳೆದವರ ಹೆಸರು, ಮುಖ್ಯವಾದದ್ದೆಲ್ಲ ಮೇಲೆಯೇ ಬಂದಿದೆ ಎಂದು ಅವಳು ಹೇಳಿದಳು.

"ಕೂತುಕೋ. ಒಂದು ಪೇಟೆಯಲ್ಲಿ ಹೆಸರು ಹಾಕುವವನೊಬ್ಬ ಇದ್ದ," ಎಂದರು ಗುರುಗಳು.

ಮೇಘಶ್ರೀ ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡು ಕೂತಳು. ಅವರು ಹೇಳಿದ ಕತೆ ಇದು.

ಆ ಪೇಟೆಯಲ್ಲಿ ಪಾತ್ರೆ ಅಂಗಡಿಗಳದೇ ಒಂದು ಬೀದಿ. ಕೊಂಡ ಪಾತ್ರೆಯ ಮೇಲೆ ಹೆಸರು ಕೆತ್ತಿಸಿಕೊಳ್ಳದೆ ಯಾರೂ ಬೀದಿ ದಾಟುತ್ತಿರಲಿಲ್ಲ. ಕೆತ್ತನೆ ಪುಕ್ಕಟೆ ತಾನೇ. ಅಲ್ಲಿ ಕೆತ್ತುವವರಲ್ಲಿ ಒಬ್ಬನ ಕೈಗೆ ಹೆಚ್ಚು ಹೆಸರು. ಅವನ ಉಳಿಯಿಂದ ಬಂದ ಸಾಲು ಸೊಟ್ಟಗಾಗಿದ್ದನ್ನು ಕಂಡವರಿಲ್ಲ. ದೂರದ ಊರಿನವರೂ ಮದುವೆಯ ಪಾತ್ರೆಗೆ ಅವನಿದ್ದ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆ ಸೀಮೆಯ ಮದುವೆಗಳಲ್ಲಿ ಹೆಣ್ಣಿಗೆ ಕೊಟ್ಟ ಪಾತ್ರೆಗಳನ್ನು ಚಾಪೆಯ ಮೇಲೆ ಜೋಡಿಸಿಡುತ್ತಿದ್ದರು. ಬಂದವರೆಲ್ಲ ನಿಂತು ನೋಡಿ, ಯಾರು ಏನು ಕೊಟ್ಟರು ಎಂದು ಓದಿಕೊಂಡು ಊಟಕ್ಕೆ ಹೋಗುತ್ತಿದ್ದರು. ಆದ್ದರಿಂದ ಅಕ್ಷರ ಪಾತ್ರೆಯ ಮುಂಬದಿಯಲ್ಲಿರಬೇಕು. ಸುತ್ತಿಕೊಂಡು ಹಿಂದಕ್ಕೆ ಹೋದ ಅಕ್ಷರ ಯಾರ ಕಣ್ಣಿಗೂ ಬೀಳದು. ಎರಡು ಸಾಲು ಮಾಡಿದರೆ ಪಕ್ಕದ ಪಾತ್ರೆಯ ಸಾಲಿಗೆ ಹೊಂದದು.

ಹೆಸರು ಹಾಕುವವನು ಇದಕ್ಕೊಂದು ಕ್ರಮ ಮಾಡಿಕೊಂಡಿದ್ದ. ಉಳಿ ಎತ್ತಿಕೊಳ್ಳುವ ಮೊದಲು ಪಾತ್ರೆಯ ಮುಂಬದಿಗೆ ಸುಣ್ಣದಿಂದ ಎರಡು ಗೆರೆ ಎಳೆಯುತ್ತಿದ್ದ, ಎಡಕ್ಕೊಂದು, ಬಲಕ್ಕೊಂದು. ಬರಹ ಎಡಗೆರೆಯಿಂದ ಹೊರಟು ಬಲಗೆರೆಯೊಳಗೆ ನಿಲ್ಲಬೇಕು. ನಿಲ್ಲದ್ದನ್ನು ಬಿಟ್ಟು ಮೂರು ಚುಕ್ಕಿ ಹೊಡೆಯುತ್ತಿದ್ದ. ಆಮೇಲೆ ಬಟ್ಟೆಯಿಂದ ಸುಣ್ಣ ಒರೆಸಿ ಕೊಡುತ್ತಿದ್ದ. ದೊಡ್ಡ ಪಾತ್ರೆಗೆ ದೊಡ್ಡ ಅಕ್ಷರ, ಚಿಕ್ಕದಕ್ಕೆ ಚಿಕ್ಕ ಅಕ್ಷರ. ಒಂದೇ ಮನೆಗೆ ಹೋಗುವ ಕೊಡ, ತಟ್ಟೆ, ತಂಬಿಗೆ ಎಲ್ಲದರಲ್ಲೂ ಸಾಲು ಒಂದೇ ಪದಕ್ಕೆ ನಿಲ್ಲುವಂತೆ ನೋಡಿಕೊಳ್ಳುತ್ತಿದ್ದ. ಅದು ಅವನ ಹೆಮ್ಮೆ.

ಇಲ್ಲಿ ಮೇಘಶ್ರೀ ಬಾಯಿ ಹಾಕಿದಳು. ಹೀಗೆ ಅರ್ಧಂಬರ್ಧ ಹೆಸರು ಹಾಕಿಕೊಟ್ಟರೆ ಜನ ಸುಮ್ಮನಿರುತ್ತಿದ್ದರೇ ಎಂದು ಕೇಳಿದಳು. ಯಾಕಿರಬಾರದು ಎಂದರು ಗುರುಗಳು. ಹತ್ತು ಮನೆಯ ಪಾತ್ರೆ ಒಂದು ಮದುವೆಯ ಊಟಕ್ಕೆ ಹೋಗುತ್ತದೆ, ತಿರುಗಿ ಬರುವಾಗ ಅದಲುಬದಲಾಗಬಾರದು. ಅಷ್ಟಕ್ಕೆ ಎರಡು ಅಕ್ಷರ ಧಾರಾಳವಾಯಿತು. ಕತ್ತರಿಸಿದ್ದೇ ತಪ್ಪು ಎಂದು ನಾನೆಲ್ಲಿ ಹೇಳಿದೆ ಎಂದು ಅವರು ತಿರುಗಿ ಕೇಳಿದರು. ಅವಳಿಗೆ ಈಗ ಗೊಂದಲ. ಹಾಗಾದರೆ ತಪ್ಪು ಇನ್ನೆಲ್ಲಿ? ಕತೆ ಮುಂದುವರಿಯಲಿ ಎಂದಳು.

ಒಂದು ದಿನ ಆ ಅಂಗಡಿಗೆ ಒಬ್ಬ ತಾಯಿ ಬಂದಳು. ವಯಸ್ಸಾಗಿತ್ತು, ಓದು ಬಾರದು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಹತ್ತಿರದಲ್ಲೇ ಇದ್ದು ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಕಿರಿಯಳು ತಾನೇ ಆರಿಸಿಕೊಂಡವನನ್ನು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು. ಅವಳು ಹೊರಟ ದಿನ ತಾಯಿ ಸಿಟ್ಟಿನಲ್ಲಿ, ಇನ್ನು ನನ್ನ ಹೊಸಿಲು ತುಳಿಯಬೇಡ ಎಂದಿದ್ದಳು. ಮಗಳೂ ಅದೇ ರಕ್ತ, ತುಳಿಯಲಿಲ್ಲ. ವರ್ಷಗಳು ಹಾಗೇ ಹೋದವು. ಸಿಟ್ಟು ಇಳಿಯಿತೋ ಇಲ್ಲವೋ ಹೊರಗಿನವರಿಗೆ ಹೇಗೆ ತಿಳಿಯಬೇಕು? ತಾಯಿಯ ಬಾಯಲ್ಲಿ ಕಿರಿಯಳ ಹೆಸರನ್ನು ಮತ್ತೆ ಕೇಳಿದವರಿಲ್ಲ.

ತಾಯಿ ಹಿತ್ತಾಳೆಯ ಒಂದಿಷ್ಟು ಪಾತ್ರೆಗಳನ್ನು ಆರಿಸಿಕೊಂಡಳು. ತಿರುಗಿಸಿ, ತಟ್ಟಿ, ಸದ್ದು ಕೇಳಿ ಕೊಂಡಳು. ಆಮೇಲೆ ಹೆಸರು ಹಾಕುವವನ ಮುಂದೆ ಕೂತು, ಒಂದೊಂದು ಪಾತ್ರೆಯನ್ನೂ ಅವನ ಕೈಗೆ ಕೊಡುತ್ತ, ಅದರ ಮೇಲೆ ಏನು ಬರೆಯಬೇಕೆಂದು ಹೇಳುತ್ತ ಹೋದಳು. ತಾಯಿಯ ಪ್ರೀತಿಯ ಕಾಣಿಕೆ, ಮಗಳು ಇಂಥವಳಿಗೆ. ಪ್ರತಿ ಪಾತ್ರೆಗೂ ಇದೇ ಮಾತು. ಕೊನೆಯ ಹೆಸರು ಹೇಳುವ ಮುಂಚೆ ಪ್ರತಿ ಸಲವೂ ಸ್ವಲ್ಪ ತಡೆಯುತ್ತಿದ್ದಳು.

ಹೆಸರು ಹಾಕುವವನು ಕೈಯಲ್ಲೇ ಅಳತೆ ಹಾಕಿದ. ಬಲಗೆರೆ ಬರುವುದು ಮಗಳು ಎಂಬ ಪದದ ಹತ್ತಿರ. ಅಲ್ಲಿಂದ ಮುಂದಿನದು ಹಿಡಿಸುವುದಿಲ್ಲ. ಹಿಡಿಸದ ಮಾತನ್ನು ಕೇಳಿಸಿಕೊಂಡು ಆಗಬೇಕಾದ್ದೇನು? ಅವಳು ಮಗಳು ಎನ್ನುತ್ತಿದ್ದಂತೆ ಅವನು ತಲೆಯಾಡಿಸಿ ಮುಂದಿನ ಪಾತ್ರೆಗೆ ಕೈಚಾಚುತ್ತಿದ್ದ.

ಸಂಜೆಗೆ ಪಾತ್ರೆಗಳು ಸಿದ್ಧವಾದವು. ಎಲ್ಲದರ ಮೇಲೂ ತಾಯಿಯ ಪ್ರೀತಿಯ ಕಾಣಿಕೆ, ಮಗಳು, ಆಮೇಲೆ ಮೂರು ಚುಕ್ಕಿ. ಜೋಡಿಸಿಟ್ಟು ನೋಡಿದ. ಒಂದು ನೂಲು ಆಚೀಚೆ ಇಲ್ಲ. ತಾಯಿ ಒಂದು ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಹೆಸರು ಬಂತೇನಪ್ಪಾ?" ಎಂದು ಕೇಳಿದಳು.

"ಎಲ್ಲಾ ಬಂದದೆ ಕಣವ್ವ," ಎಂದ ಹೆಸರು ಹಾಕುವವನು.

ಅವನಿಗೆ ಅದು ಸುಳ್ಳು ಎಂದು ಅನ್ನಿಸಲೇ ಇಲ್ಲ. ದಿನಕ್ಕೆ ಎಷ್ಟು ಜನರಿಗೆ ಹಾಗೆ ಹೇಳುತ್ತಿದ್ದನೋ. ತಾಯಿಯ ಮುಖ ಅರಳಿತು. ಪಾತ್ರೆಗಳನ್ನು ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡು ಮನೆಗೆ ಹೋಗಿ ಪೆಟ್ಟಿಗೆಯಲ್ಲಿಟ್ಟಳು. ಪಕ್ಕದ ಮನೆಯವಳ ಹತ್ತಿರ, ನನ್ನ ಮನಸ್ಸಿನಲ್ಲಿರುವುದನ್ನು ಪಾತ್ರೆಯ ಮೇಲೆ ಹಾಕಿಸಿಟ್ಟಿದ್ದೇನೆ, ನಾನು ಹೋದ ಮೇಲೆ ಓದಿಕೊಳ್ಳಲಿ ಎಂದಳಂತೆ. ಬಾಯಿಬಿಟ್ಟು ಹೇಳಲು ಅವಳಿಗೆ ಬಿಗುಮಾನ ಅಡ್ಡ ಬಂದಿರಬೇಕು. ಸ್ವಲ್ಪ ಕಾಲಕ್ಕೆ ತೀರಿಕೊಂಡಳು.

ಸುದ್ದಿ ಕೇಳಿ ಕಿರಿಯಳು ಬಂದಳು. ಹೊಸಿಲ ಹೊರಗೇ ನಿಂತಿದ್ದಳು. ಹಿರಿಯಳೇ ಕೈಹಿಡಿದು ಒಳಗೆ ಕರೆದುಕೊಂಡಳು. ಕಾರ್ಯಗಳು ಮುಗಿದ ಮೇಲೆ ಪಕ್ಕದ ಮನೆಯವಳು ಪೆಟ್ಟಿಗೆಯ ವಿಷಯ ಹೇಳಿದಳು. ಇಬ್ಬರೂ ಕೂತು ಪೆಟ್ಟಿಗೆ ತೆರೆದರು. ಒಂದೊಂದೇ ಪಾತ್ರೆ ಎತ್ತಿ ಓದಿದರು. ಮಗಳು, ಚುಕ್ಕಿ. ಮಗಳು, ಚುಕ್ಕಿ. ಪೆಟ್ಟಿಗೆಯ ತಳ ಕಂಡರೂ ಹೆಸರು ಕಾಣಲಿಲ್ಲ.

ಹಿರಿಯಳು ಕೆಟ್ಟವಳಲ್ಲ. ಅವ್ವ ನಿನ್ನ ಹೆಸರನ್ನು ನನ್ನೆದುರು ಒಂದು ಸಲವೂ ಎತ್ತಲಿಲ್ಲ, ಇವೆಲ್ಲ ನನಗೆಂದೇ ಇಟ್ಟಿದ್ದು ಎಂದಳು. ಅವಳು ಕಂಡಷ್ಟರ ಮಟ್ಟಿಗೆ ಅದು ನಿಜವೇ. ಕಿರಿಯಳು ಜಗಳಕ್ಕೆ ನಿಲ್ಲಲಿಲ್ಲ. ಪಾತ್ರೆಗಳನ್ನು ನೀನೇ ಇಟ್ಟುಕೋ, ಒಂದಕ್ಕಾದರೂ ನನ್ನ ಹೆಸರು ಹೇಳಿದ್ದಳೋ ಇಲ್ಲವೋ, ಅದೊಂದು ಗೊತ್ತಾದರೆ ಸಾಕು ಎಂದಳು. ಕೊನೆಗೆ ಇಬ್ಬರೂ ಪಾತ್ರೆಗಳನ್ನು ಹೊತ್ತುಕೊಂಡು ಪೇಟೆಗೆ ಹೋದರು.

ಹೆಸರು ಹಾಕುವವನಿಗೆ ತನ್ನ ಕೈಕೆಲಸದ ಗುರುತು ಸಿಕ್ಕಿತು. ಸಾಲುಗಳು ಇನ್ನೂ ಮಿರಮಿರ ಮಿಂಚುತ್ತಿದ್ದವು. ಏನಾದರೂ ತಪ್ಪಾಗಿದೆಯೇ ಎಂದು ನಗುತ್ತಲೇ ಕೇಳಿದ. ಕಿರಿಯಳು ತಂಬಿಗೆಯ ಚುಕ್ಕಿಗಳ ಮೇಲೆ ಬೆರಳಿಟ್ಟಳು.

"ಇದರಿಂದ ಮುಂದಕ್ಕೆ ನಮ್ಮವ್ವ ಯಾರ ಹೆಸರು ಹೇಳಿದ್ಲು?"

ಅವನು ನೆನಪು ಮಾಡಿಕೊಳ್ಳಲು ನೋಡಿದ. ತಾಯಿಯ ಮುಖ ನೆನಪಾಯಿತು, ತಡೆತಡೆದು ಮಾತಾಡಿದ್ದು ನೆನಪಾಯಿತು, ಬೆರಳಾಡಿಸಿದ್ದೂ ನೆನಪಾಯಿತು. ಹೆಸರು ಮಾತ್ರ ನೆನಪಾಗಲಿಲ್ಲ. ಕಿವಿಗೆ ಹಾಕಿಕೊಂಡಿದ್ದರಲ್ಲವೆ ನೆನಪಾಗುವುದು.

"ಅದು ಹಿಡಿಸ್ತಿರಲಿಲ್ಲ ಕಣವ್ವ. ಅದಕ್ಕೇ ಕೇಳಿಸ್ಕೊಳ್ಳಲಿಲ್ಲ," ಎಂದ.

ಅವಳ ಮುಖ ನೋಡಿ, ಒಂದು ಪಾತ್ರೆ ತೋರಿಸಿ ಇದು ನಿನ್ನದು ಎಂದುಬಿಡೋಣವೇ ಎಂದು ಯೋಚಿಸಿದ. ಹಾಗೆಂದರೆ ಅದು ತನ್ನ ಮಾತಾಗುತ್ತದೆ, ತಾಯಿಯದಲ್ಲ. ಪಕ್ಕದಲ್ಲಿ ಹಿರಿಯಳೂ ಅವನ ಬಾಯನ್ನೇ ನೋಡುತ್ತ ನಿಂತಿದ್ದಳು. ಈಗ ಬೇಕಾದ ಹೆಸರನ್ನು ಎಷ್ಟು ಉದ್ದ ಬೇಕಾದರೂ ಕೆತ್ತಿಕೊಡುತ್ತೇನೆ ಎಂದ. ಇಬ್ಬರೂ ಬೇಡ ಎಂದರು.

ಹಿರಿಯಳ ಮನಸ್ಸು ಕರಗಿತು. ತಂಬಿಗೆಯನ್ನು ಎತ್ತಿ ತಂಗಿಯ ಕೈಗೆ ಹಿಡಿಸಲು ಹೋದಳು. ಕಿರಿಯಳು ಕೈ ಹಿಂದಕ್ಕೆ ಎಳೆದುಕೊಂಡಳು.

"ನೀನು ಕೊಟ್ರೆ ಅದು ನೀನು ಕೊಟ್ಟಂಗಾಯ್ತದೆ ಅಕ್ಕ. ನಾನು ಕೇಳಿದ್ದು ಅವ್ವ ಕೊಟ್ಲಾ ಅಂತ."

ಅಷ್ಟು ಹೇಳಿ ಅವಳು ತನ್ನ ಊರಿನ ದಾರಿ ಹಿಡಿದಳು. ಹಿರಿಯಳು ಪಾತ್ರೆಗಳನ್ನು ಮನೆಗೆ ತಂದಳು. ಒಂದನ್ನೂ ಒಲೆಯ ಮೇಲಿಡಲು ಅವಳಿಗೆ ಮನಸ್ಸಾಗಲಿಲ್ಲ. ಯಾವುದನ್ನು ಮುಟ್ಟಿದರೂ ಇದು ತಂಗಿಯದೇನೋ ಎನ್ನಿಸುತ್ತಿತ್ತು. ಮತ್ತೆ ಪೆಟ್ಟಿಗೆಗೇ ಹಾಕಿ ಮುಚ್ಚಿದಳು.

ವೃಷಭೇಂದ್ರಯ್ಯನವರು ಇಲ್ಲಿಗೆ ನಿಲ್ಲಿಸಿ ನೀರು ಕುಡಿದರು.

ಆ ಕಿರಿಯಳು ಊರು ಸೇರುವವರೆಗೆ ಏನೇನು ಯೋಚಿಸಿರಬೇಕು ಎಂದು ನೆನೆದು ಮೇಘಶ್ರೀಗೆ ದುಃಖವಾಯಿತು. ಅದಕ್ಕಿಂತ ಹೆಚ್ಚಾಗಿ ಒಂದು ಕುತೂಹಲ ಅವಳನ್ನು ಬಿಡದೆ ಕೊರೆಯುತ್ತಿತ್ತು. ತಾಯಿ ಕಿರಿಯಳ ಹೆಸರು ಹೇಳಿದ್ದಳೋ ಇಲ್ಲವೋ ಎಂದು ಕೇಳಿಯೇಬಿಟ್ಟಳು. ನನಗೆ ಗೊತ್ತಿಲ್ಲ ಎಂದರು ಗುರುಗಳು. ಕತೆ ಹೇಳಿದವರೇ ಗೊತ್ತಿಲ್ಲ ಎಂದರೆ ಹೇಗೆ ಎಂದು ಅವಳು ಬಿಡಲಿಲ್ಲ. ಕೆತ್ತುವವನೇ ಕೇಳಿಸಿಕೊಳ್ಳದೆ ಹೋದದ್ದನ್ನು ಪೇಟೆಯಾಚೆ ಇರುವ ನಾನು ಹೇಗೆ ಕೇಳಿಸಿಕೊಳ್ಳಲಿ ಎಂದು ಅವರು ನಕ್ಕರು.

ಆ ನಗು ಅವಳನ್ನು ಕೆಣಕಿತು. ಅವಳು ಕತೆಯನ್ನು ಮನಸ್ಸಿನಲ್ಲೇ ಮೊದಲಿಂದ ತಿರುವಿಹಾಕಿದಳು. ಎಲ್ಲಿ ಕತ್ತರಿಸಿದ್ದರೆ ಸರಿಹೋಗುತ್ತಿತ್ತು? ಪ್ರೀತಿಯ ಕಾಣಿಕೆ ಎಂಬುದನ್ನು ಬಿಟ್ಟು ಹೆಸರನ್ನು ಉಳಿಸಬಹುದಿತ್ತು. ಎಲ್ಲ ಪಾತ್ರೆಯ ಮೇಲೂ ಒಂದೇ ಆಗಿದ್ದ ಮಾತು ಅದು, ಹೋದರೆ ಹೋಗಲಿ. ಬೇರೆ ಬೇರೆಯಾಗಿರಬಹುದಾಗಿದ್ದದ್ದು ಹೆಸರೊಂದೇ, ಅವನು ಬಿಟ್ಟದ್ದೂ ಅದನ್ನೇ. ಹಾಗೆಂದಾಗ ಗುರುಗಳು ಅದೂ ಒಂದು ದಾರಿ ಎಂದು ಒಪ್ಪಿದರು. ಆದರೆ ತಾಯಿ ಕಾಣಿಕೆ ಎಂದೂ ಹೇಳಿದ್ದಳಲ್ಲ, ಅದನ್ನು ಬಿಡಲು ಇವನು ಯಾರು ಎಂದು ಮೆಲ್ಲಗೆ ಕೇಳಿದರು. ಚುಕ್ಕಿಯ ಆಚೆ ಇರುವುದನ್ನು ಓದಲು ಒಂದು ದಾರಿಯಾದರೂ ಇದ್ದಿದ್ದರೆ ಎಂದು ಅವಳು ಮತ್ತೆ ಯೋಚಿಸಿದಳು. ಪರದೆಯ ಮೇಲಾದರೆ ಒತ್ತಿದರೆ ತೆರೆದುಕೊಳ್ಳುವಂತೆ ಮಾಡಬಹುದು. ಹಿತ್ತಾಳೆಯನ್ನು ಎಲ್ಲಿ ಒತ್ತುವುದು? ಓದು ಬಾರದವಳಿಗೆ ಒತ್ತಬೇಕೆಂದು ಹೇಳುವವರು ಯಾರು?

ಯೋಚಿಸುತ್ತ ಯೋಚಿಸುತ್ತ ಅವಳಿಗೆ ಆ ತಂಬಿಗೆಯೇ ಕಣ್ಣಿಗೆ ಕಟ್ಟಿತು. ಅದನ್ನು ಮನಸ್ಸಿನಲ್ಲೇ ಕೈಗೆತ್ತಿಕೊಂಡು ಒಂದು ಸುತ್ತು ತಿರುಗಿಸಿದಳು. ತಿರುಗಿಸುತ್ತಿದ್ದಂತೆ ಸಿಟ್ಟು ಬಂತು.

"ಗುರುಗಳೇ, ಅದರ ಹಿಂಬದಿ ಪೂರ್ತಿ ಖಾಲಿ ಇತ್ತಲ್ಲ. ಮೊದಲ ಸಾಲಿನ ಕೆಳಗೂ ಖಾಲಿ ಇತ್ತು. ಆ ತಾಯಿ ಕೊಂಡದ್ದು ಇಡೀ ತಂಬಿಗೆಯನ್ನು. ಅವನು ಯಾಕೆ ಎರಡು ಗೆರೆಗಳ ನಡುವೆ ಅವಳ ಮಾತನ್ನು ತುರುಕಿದ?"

ಅಂದವಾಗಿ ಕಾಣಲಿ ಎಂದು, ಎಂದರು ಗುರುಗಳು. ಯಾರ ಕಣ್ಣಿಗೆ ಎಂದು ಅವಳು ಕೇಳಿದಳು. ಆ ತಾಯಿ ಮದುವೆಗೆಂದು ಪಾತ್ರೆ ಕೊಂಡವಳಲ್ಲ, ಅವು ಯಾವ ಚಾಪೆಯ ಮೇಲೂ ಕೂರಬೇಕಾಗಿರಲಿಲ್ಲ, ಪೆಟ್ಟಿಗೆಯೊಳಗೆ ಇರಬೇಕಾದ ಪಾತ್ರೆಗೆ ಮುಂಬದಿ ಯಾವುದು, ಹಿಂಬದಿ ಯಾವುದು ಎಂದು ಮೇಘಶ್ರೀ ಒಂದೇ ಉಸಿರಿಗೆ ಹೇಳುತ್ತ ಹೋದಳು. ಆ ಸುಣ್ಣದ ಗೆರೆಗಳನ್ನು ಕಂಡರೆ ಅವಳಿಗೆ ಆಗಲೇ ಒರೆಸಿಹಾಕುವಷ್ಟು ಕೋಪ. ಹೆಸರು ಹಾಕುವವನಿಗೆ ಬುದ್ಧಿ ಇರಲಿಲ್ಲ ಎಂದು ತೀರ್ಪು ಕೊಟ್ಟಳು.

ವೃಷಭೇಂದ್ರಯ್ಯನವರು ಅವಳ ಮಾತು ಮುಗಿಯುವವರೆಗೂ ತಾಳ್ಮೆಯಿಂದ ಕೇಳಿದರು. ಆಮೇಲೆ ಕಂಪ್ಯೂಟರನ್ನು ತಮ್ಮ ಕಡೆಗೆ ಎಳೆದುಕೊಂಡು ಪುಟವನ್ನು ಮೇಲಕ್ಕೆ ಸರಿಸುತ್ತ ಹೋದರು. ಪುಟದ ಕೊನೆಯಲ್ಲಿದ್ದ ಕೆಂಪು ಅವರೆಯ ಚೌಕಕ್ಕೆ ಬಂದಾಗ ನಿಂತರು. ಬೀಜದ ಬಣ್ಣ, ಸೊಗಡು, ಬೇಯುವ ಬಗೆ ಎಲ್ಲ ಅಲ್ಲಿತ್ತು. ಕೊನೆಯ ಸಾಲು, ಅತ್ತೆಯಿಂದ ಪಡೆದು ಇದನ್ನು ಇಂದಿಗೂ ಬಿತ್ತಿ ಉಳಿಸಿರುವವರು, ಎಂಬಲ್ಲಿಗೆ ನಿಂತಿತ್ತು. ಅದರ ಕೆಳಗೆ ಪರದೆಯ ಮೇಲೆ ಬೇಕಾದಷ್ಟು ಬಿಳಿ ಜಾಗ ಇತ್ತು. ಅವರು ಚೌಕದ ಕೆಳಗಿನ ಅಂಚಿನ ಮೇಲೆ ಬೆರಳಿಟ್ಟರು.

"ಮಗೂ, ಈ ಚೌಕ ಇಷ್ಟೇ ಎತ್ತರ ಇರಬೇಕೆಂದು ನಿನಗೆ ಹೇಳಿದವರು ಯಾರು?"

ಮೇಘಶ್ರೀ ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಚೌಕಗಳಿಗೆ ತಾನು ಇಟ್ಟಿದ್ದ ಎತ್ತರವನ್ನು ಅಳಿಸಿದಳು.